ಪೆನ್ಸಿಲಿನಲ್ಲೇ ಇರಲಿ

ಪೆನ್ಸಿಲಿನಲ್ಲೇ ಬರೆಯಿರಿ, ಪೆನ್ನು ಒಳಗಿಡಿ.
ಈ ನಕ್ಷೆ ಎಷ್ಟು ರಬ್ಬರು ತಿಂದಿದೆ ನೋಡಿ:
ಮೈರೊ ದ್ವೀಪದ ಪಡುವಣ ದಂಡೆ ಉಜ್ಜಿ ಉಜ್ಜಿ
ಬಿಳಿಚಿಕೊಂಡಿದೆ, ಒಗೆದೊಗೆದ ಕಾಲರಿನ ಹಾಗೆ.

ಏಳು ರಾತ್ರಿ ಅಂದಿರಿ, ಏಳೂ ಬೇರೆ ಕೊಲ್ಲಿ ಅಂದಿರಿ.
ನಾನು ಐದು ಕೊಡುತ್ತೇನೆ.
ಒಂದು ಗಾಳಿಯ ಪಾಲು, ಅದು ಕೇಳದೆ ತೆಗೆದುಕೊಳ್ಳುತ್ತದೆ.
ಇನ್ನೊಂದು, ನಿಮ್ಮಲ್ಲೇ ಯಾರಿಗಾದರೂ ಹೊಟ್ಟೆ ತೊಳಸಿದರೆ ಇರಲಿ ಅಂತ.
ಮೂಲೆಯಲ್ಲಿ ನಗುತ್ತಿದ್ದಾರಲ್ಲ ಪಟ್ಟೆ ಅಂಗಿಯವರು,
ಅವರಿಗೇ ಇರಬಹುದು.

ಲಂಗರು ಬೇರೆ, ಇದು ಬೇರೆ.
ಹವಳದ ಮೇಲೆ ಲಂಗರು ಎಸೆದಿರೋ,
ನೂರು ವರ್ಷದ ಕೊಂಬೆ ಒಂದು ಮಗ್ಗುಲಿಗೆ ಪುಡಿ.
ಅದಕ್ಕೇ ನೀರಡಿ ಗೂಟ, ದೋಣಿಗಳಿಗೊಂದು ಕೊಟ್ಟಿಗೆ:
ತಳದಲ್ಲಿ ಕಾಂಕ್ರೀಟು, ಕಾಂಕ್ರೀಟಿಗೆ ಸರಪಳಿ,
ಸರಪಳಿಗೆ ಕಣ್ಣಿ, ಮೇಲೆ ತೇಲುವ ಬಿಳಿ ಚೆಂಡು.
ಮೂತಿ ಗಾಳಿಗೆ ಕೊಟ್ಟು ಮೆಲ್ಲಗೆ ಬನ್ನಿ,
ಕೊಕ್ಕೆಯಲ್ಲಿ ಎತ್ತಿ, ಕಟ್ಟಿ.
ಮೂರು ಗಂಟೆಯೊಳಗೆ. ನಾಲ್ಕಕ್ಕೆ ಹೋದವರಿಗೆ
ಸುತ್ತು ಹಾಕುತ್ತ ಪಕ್ಕದವರ ಗಾಜಿನ ಲೋಟ ಎಣಿಸುವ ಕೆಲಸ.

ಮೊದಲ ರಾತ್ರಿ ಬೆಕ್ವೆ. ಯೋಚನೆಯಿಲ್ಲ.
ಬೆಳಕು ಹರಿಯುವ ಮುಂಚೆ ಬ್ರೆಡ್ಡಿನ ದೋಣಿ ಬರುತ್ತದೆ,
ಹುಡುಗ ಹೇಳಿದ ಬೆಲೆಯನ್ನೇ ಕೊಡಿ.
ಅವನಮ್ಮ ಒಲೆ ಹಚ್ಚಿದಾಗ ನೀವಿನ್ನೂ ರಮ್ಮಿನ ನಿದ್ದೆಯಲ್ಲಿರುತ್ತೀರಿ.

ಎರಡನೆಯದರ ಮೇಲೆ ಈ ಕಾಫಿ ಲೋಟ ಇಟ್ಟಿದ್ದೇನೆ, ಆಮೇಲೆ ನೋಡೋಣ.

ಮೂರನೆಯದು ಹವಳದ ದಿಬ್ಬದ ಮಡಿಲು.
ದಿಬ್ಬದಾಚೆ ಆಫ್ರಿಕದವರೆಗೆ ಏನೂ ಇಲ್ಲ,
ಬರೀ ನೀರು. ಅಲೆ ಅಲ್ಲೇ ಮುರಿಯುತ್ತದೆ, ನೀವು ಅಲುಗುವುದಿಲ್ಲ.
ನಮ್ಮವರನ್ನು ತಂದದ್ದು ಅದೇ ನೀರಿನ ಮೇಲೆ.
ಯಾವ ರಾತ್ರಿ ಎಲ್ಲಿ ತಂಗುತ್ತೀರಿ ಎಂದು
ಯಾರೂ ಕೇಳಿರಲಿಲ್ಲ ಆಗ.
ಬಿಡಿ. ರಜೆಗೆ ಬಂದವರು ನೀವು. ಅಲ್ಲಿ ಆಮೆ ಕಾಣುತ್ತದೆ.

ನಾಲ್ಕನೆಯದು... ಇಲ್ಲಿ, ನನ್ನ ಉಗುರು ಇರುವಲ್ಲಿ.
ಆರು ಚೆಂಡು. ಎಡದಿಂದ ಐದನೆಯದನ್ನು ಹಿಡಿಯಿರಿ,
ಬಣ್ಣ ಹೋದದ್ದು, ಪಾಚಿ ಹತ್ತಿದ್ದು, ಅದೇ.
ಕಾಸ್ಮೋರ್ ಅಂತ ಒಬ್ಬ ಬರುತ್ತಾನೆ, ಅರವತ್ತು ಡಾಲರು ಕೇಳುತ್ತಾನೆ,
ಚೀಟಿ ಕೊಡುವುದಿಲ್ಲ.
ಬಿರುಗಾಳಿಯ ವರ್ಷ ಸಿಮೆಂಟು ಸಿಗದೆ
ಅಪ್ಪನ ದೋಣಿಯ ಎಂಜಿನ್ನು ಬಿಚ್ಚಿ
ಗೂಟವೆಂದು ಮುಳುಗಿಸಿದವನು. ಅರ್ಧ ನನ್ನದಾಗಿತ್ತು.
ಕೇಳಲಿಲ್ಲ. ಮೂರು ವರ್ಷವಾಯಿತು, ನಾನೂ ಕೇಳಲಿಲ್ಲ,
ಅವನ ಹೆಂಡತಿಯ ಮಂಡಿ ಹೇಗಿದೆ ಅಂತ ಕೂಡ.

ಗಟ್ಟಿಯಿದೆ, ಹೆದರಬೇಡಿ.
ಎಂಥ ಗಾಳಿಗೂ ನಿಮ್ಮ ದೋಣಿ ಕದಲದು.
ಅದರ ತೂಕ ನನಗೆ ಗೊತ್ತು,
ಅದರ ಮೇಲೇ ಕೂತು ಮಗ್ಗಿ ಕಲಿತವಳು,
ಹದಿಮೂರರ ಮಗ್ಗಿಗೆ ತೊಡೆ ಸುಟ್ಟುಕೊಂಡವಳು.

ಎಸ್ಲಿನ್ ಕಳಿಸಿದಳು ಅಂತ ಹೇಳಬೇಡಿ.
ಅವನಿಗೆ ಗೊತ್ತಿರುತ್ತದೆ; ಐದನೆಯ ಚೆಂಡಿಗೆ
ಇನ್ಯಾರು ತಾನೇ ಬರುತ್ತಾರೆ?
ಹೋದ ವಾರದವರು ಮರಳುವಾಗ
ಒಂದು ಚೀಲ ಸೀತಾಫಲ ತಂದರು, ಮುಳ್ಳಿನ ಜಾತಿಯದು.
ಯಾರಿಗೆ ಅಂತ ಹೇಳಲಿಲ್ಲವಂತೆ. ಎರಡು ಕೊಳೆತಿದ್ದವು.
ಉಳಿದದ್ದು ತಿಂದೆ.

ನೀರು ತಿಳಿಯಿದ್ದರೆ ಕನ್ನಡಕ ಹಾಕಿ ಒಮ್ಮೆ ಮುಳುಗಿ,
ಕೊಂಡಿ ಎಷ್ಟು ಸವೆದಿದೆ ನೋಡಿ,
ಬಂದು ನನಗೆ ಹೇಳಿ. ಅವನಿಗಲ್ಲ.

ಐದನೆಯದು ನಿಮ್ಮಿಷ್ಟ.
ಗಾಳಿ ಮೂಡಣದ್ದಾದರೆ ಇಲ್ಲಿ, ಬಡಗಣಕ್ಕೆ ತಿರುಗಿದರೆ
ಎಲ್ಲಿಯೂ ಅಲ್ಲ, ನಾಲ್ಕನೆಯದರಲ್ಲೇ ಇನ್ನೊಂದು ರಾತ್ರಿ ಇರಿ,
ಮತ್ತೆ ಅರವತ್ತು ಕೊಡಿ.

ಮಂಜುಗಡ್ಡೆ ಬಂತು. ಹೊರಡಿ.
ಪೆನ್ಸಿಲ್ ಇಲ್ಲೇ ಕೊಟ್ಟು ಹೋಗಿ.